ಕಲಬುರಗಿ ಬಿಸಿಲಿನಲ್ಲಿ ಸೊಂಟದ ಕಂಪ್ಯೂಟರ್: ಒಂದು ಪ್ರಕರಣ ಅಧ್ಯಯನ

ಕಲಬುರಗಿಯ ಒಬ್ಬ ನಿವೃತ್ತ ಮಾಸ್ತರರಿಗೆ ಹಳೆಯ ಶುಗರ್. ಅದರಿಂದ ರೆಟಿನಾ ಹಾಳಾಗಿದೆ. ಗೋಡೆ, ಮೆಟ್ಟಿಲು, ಎದುರಿಗೆ ಬಂದ ಮನುಷ್ಯ ಮಸುಕಾಗಿ ಕಾಣುತ್ತಾರೆ. ಅಕ್ಷರ ಮಾತ್ರ ಕಾಣುವುದಿಲ್ಲ. ಅವರ ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಕಾಕಾಗೆ ಅಂತ ಮೈಮೇಲೆ ತೊಡುವ ಓದುವ ಯಂತ್ರ ಒಂದನ್ನು ಮನೆಯಲ್ಲೇ ಮಾಡಿದ. ಅದು ಬಿಸಿಯಾಗಿ ತೊಂದರೆ ಕೊಡಲು ಶುರು ಮಾಡಿದಾಗ ನನ್ನ ಅಂಗಡಿಗೆ ತಂದ. ನನ್ನದು ಇನ್ವರ್ಟರ್, ಬ್ಯಾಟರಿ, ಸೋಲಾರ್ ರಿಪೇರಿ. ಕಂಪ್ಯೂಟರ್ ನನ್ನ ಕಸುಬಲ್ಲ, ಆದರೆ ಬಿಸಿಯಿಂದ ಸತ್ತ ಸಾಮಾನು ದಿನಾ ನೋಡುತ್ತೇನೆ.

ಯಂತ್ರ ಹೀಗಿತ್ತು. ಕನ್ನಡಕದ ಕಡ್ಡಿಗೆ ಸಣ್ಣ ಕ್ಯಾಮೆರಾ. ಸೊಂಟದ ಬೆಲ್ಟಿಗೆ ಒಂದು ಕಪ್ಪು ಡಬ್ಬಿ, ಸುಮಾರು 12 ಸೆಂ.ಮೀ. ಉದ್ದ, 8 ಅಗಲ, 3 ದಪ್ಪ. ಒಳಗೆ ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡ್, 18650 ಅಳತೆಯ ಎರಡು ಲಿಥಿಯಂ ಸೆಲ್, ಅವುಗಳ 3.7 ವೋಲ್ಟನ್ನು 5 ವೋಲ್ಟಿಗೆ ಏರಿಸುವ ಒಂದು ಬೂಸ್ಟ್ ಬೋರ್ಡ್. ಕ್ಯಾಮೆರಾ ಕಂಡದ್ದರಲ್ಲಿ ಅಕ್ಷರ ಹುಡುಕಲು ಟೆಸರಾಕ್ಟ್, ಅದನ್ನು ಕಿವಿಗೆ ಹೇಳಲು ಇ-ಸ್ಪೀಕ್. ಎರಡೂ ಬಿಟ್ಟಿಯಾಗಿ ಸಿಗುವ ತಂತ್ರಾಂಶಗಳು, ಎರಡಕ್ಕೂ ಕನ್ನಡ ಬರುತ್ತದೆ. ಇ-ಸ್ಪೀಕ್‌ನ ಕನ್ನಡ ಕೇಳೋಕೆ ಒರಟು. ಆದರೆ ಮಾಸ್ತರರು ಅದಕ್ಕೆ ಬೇಗ ಹೊಂದಿಕೊಂಡರು. ಡಬ್ಬಿಯನ್ನು ಹುಡುಗ ಪಿ.ಎಲ್.ಎ. ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದ್ದ.

ಚಳಿಗಾಲದಲ್ಲಿ ಎಲ್ಲ ಸರಿಯಿತ್ತು. ಮಾರ್ಚ್ ಮುಗಿಯುತ್ತ ಬಂದಂತೆ ಒಂದೊಂದೇ ದೂರು ಬಂತು. ಮೊದಲು ಓದುವುದು ನಿಧಾನವಾಯಿತು. ಆಮೇಲೆ ನಡುವೆಯೇ ಯಂತ್ರ ಆರಿಹೋಗತೊಡಗಿತು. ಡಬ್ಬಿಯ ಒಂದು ಮೂಲೆ ಸೊಟ್ಟಗಾಯಿತು. ಕೊನೆಗೆ ಮಾಸ್ತರರ ಸೊಂಟದ ಮೇಲೆ ಕೆಂಪು ಗುರುತು ಮೂಡಿತು. ಅದನ್ನು ಮೊದಲು ನೋಡಿದ್ದು ಅವರ ಹೆಂಡತಿ. ಮಾಸ್ತರರಿಗೆ ಅದು ಅಷ್ಟಾಗಿ ಗೊತ್ತೇ ಆಗಿರಲಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ, ಇಡೀ ಪ್ರಕರಣದಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ.

ಬೇಸಿಗೆಯಲ್ಲಿ ಇನ್ನೊಂದು ಸಂಗತಿ ಕೂಡಿಕೊಂಡಿತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬಿಸಿಲಿನಿಂದ ತಪ್ಪಿಸಲೆಂದೇ ಈ ವ್ಯವಸ್ಥೆ. ಆದರೆ ಪೆನ್ಶನ್ ಕಾಗದಕ್ಕೆ ಅಲೆಯುವ ಮಾಸ್ತರರು ಕಚೇರಿ ಮುಚ್ಚಿದ ಮೇಲೆ ಹೊರಗೆ ಬರುತ್ತಿದ್ದದ್ದು ಸರಿಯಾಗಿ ಸುಡುವ ಹೊತ್ತಿಗೆ.

ಹುಡುಗ ಮಾಡಿ ನೋಡಿದ್ದು

ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ್ದ. ಪೈ ಬೋರ್ಡಿನ ಪ್ರೊಸೆಸರ್ ಚಿಪ್ಪಿನ ಮೇಲೆ, ಬಿಸಿ ಹೀರಿ ಹರಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಸಿದ್ದ. ಮುಚ್ಚಿದ ಡಬ್ಬಿಯೊಳಗೆ ಹೀಟ್‌ಸಿಂಕ್ ಇಟ್ಟರೆ ಬಿಸಿ ಚಿಪ್ಪಿನಿಂದ ಡಬ್ಬಿಯ ಗಾಳಿಗೆ ಹೋಗುತ್ತದೆ, ಅಲ್ಲೇ ಕೂರುತ್ತದೆ. ಹೊರಗೆ ಹೋಗುವ ದಾರಿಯೇ ಇಲ್ಲ. ಅದಕ್ಕೆ ತೂತು ಕೊರೆದು 30 ಮಿ.ಮೀ. ಫ್ಯಾನ್ ಹಾಕಿದ. ಚಿಪ್ಪು ಸ್ವಲ್ಪ ತಣಿಯಿತು, ಆದರೆ ಗಾಳಿ ಮೊದಲು ಚಿಪ್ಪನ್ನು ಸವರಿ ಆಮೇಲೆ ಸೆಲ್‌ಗಳ ಮೇಲೆ ಹಾದು ಹೊರಗೆ ಹೋಗುತ್ತಿತ್ತು. ಬೆಚ್ಚಗಾಗಬಾರದ ವಸ್ತುವಿಗೇ ಬಿಸಿಗಾಳಿ. ಮೇಲಾಗಿ ಗಂಜ್ (ಧಾನ್ಯದ ಪೇಟೆ) ಕಡೆಗೆ ಒಮ್ಮೆ ಹೋಗಿ ಬಂದರೆ ತೊಗರಿಯ ಧೂಳು ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತಿತ್ತು.

ಫ್ಯಾನ್ ಹಾಕಬಾರದು ಅಂತ ನಾನು ಹೇಳುವುದಿಲ್ಲ. 75 ಡಿಗ್ರಿಯ ಚಿಪ್ಪಿಗೆ 42 ಡಿಗ್ರಿಯ ಗಾಳಿಯೂ ತಂಪೇ. ಆದರೆ ಸೆಲ್‌ಗೆ, ಚರ್ಮಕ್ಕೆ ಅದು ತಂಪಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳೆಲ್ಲ ಸುತ್ತಲ ಗಾಳಿ 25 ಡಿಗ್ರಿ ಅಂತ ಸುಮ್ನೆ ಒಪ್ಪಿಕೊಂಡು ಬರೆದವು. ನಮ್ಮೂರಿನ ಏಪ್ರಿಲ್ ತಿಂಗಳಿಗೆ ಅವನ್ನು ಹಾಗೇ ತಂದರೆ ಲೆಕ್ಕ ತಪ್ಪುತ್ತದೆ.

ಅಳೆದು ನೋಡಿದಾಗ

ಮೊದಲು ಅಳತೆ. ಚಿಪ್ಪಿನ ತಾಪಮಾನವನ್ನು ಪೈ ತಾನೇ ಹೇಳುತ್ತದೆ. ಅದನ್ನು ಕೆಲವು ಸೆಕೆಂಡಿಗೊಮ್ಮೆ ಕಡತಕ್ಕೆ ಬರೆಯುವಂತೆ ಹುಡುಗ ವ್ಯವಸ್ಥೆ ಮಾಡಿದ. ಡಬ್ಬಿಯ ಹೊರಮೈ, ಸೆಲ್ ಮತ್ತು ಬೂಸ್ಟ್ ಬೋರ್ಡಿಗೆ ನನ್ನ ಮಲ್ಟಿಮೀಟರಿನ ಥರ್ಮೋಕಪಲ್ ತಂತಿಯನ್ನು ಟೇಪಿನಿಂದ ಅಂಟಿಸಿದೆವು. ಹಣೆಗೆ ಹಿಡಿಯುವ ಬಂದೂಕಿನಂಥ ಇನ್‌ಫ್ರಾರೆಡ್ ಮೀಟರ್ ಇದಕ್ಕೆ ನಂಬಿಕೆಯದ್ದಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಅದನ್ನೇ ಬಳಸಬೇಕಾದರೆ ಲೋಹದ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಟೇಪಿನ ಮೇಲೆ ಹಿಡಿಯಬೇಕು.

ಅಂಗಡಿಯೊಳಗೆ, ಫ್ಯಾನಿನ ಕೆಳಗೆ, ಚಿಪ್ಪು 70ರ ಆಚೀಚೆ ನಿಂತಿತ್ತು. ಮಾಳಿಗೆಯ ಮೇಲೆ ನೆರಳಿಗೆ ಒಯ್ದಾಗ 80 ಮುಟ್ಟಿತು. ಪೈ 4 ಅಲ್ಲಿಂದ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳಲು ಶುರು ಮಾಡುತ್ತದೆ, 85ಕ್ಕೆ ಪೂರ್ತಿ ಬಿಗಿ ಹಿಡಿಯುತ್ತದೆ. ಓದು ನಿಧಾನವಾದದ್ದಕ್ಕೆ ಕಾರಣ ಇಷ್ಟೇ.

ಆರಿಹೋಗುವುದು ಮಾತ್ರ ಬೇರೆ ರೋಗ. ಇಷ್ಟು ಬಿಸಿಗೆ ಪೈ ಹೀಗೆ ಪಕ್ಕನೆ ಆರುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಹಾಗಾದರೆ ಆರಿಸಿದ್ದು ಯಾರು? ವೇಗ ಇಳಿಸಿದ್ದಕ್ಕೆ ಕಾರಣವನ್ನು ಪೈ ಒಂದು ಸಂಕೇತದಲ್ಲಿ ಬರೆದಿಡುತ್ತದೆ. ಅದರಲ್ಲಿ ಬಿಸಿಯ ಗುರುತಿನ ಜೊತೆಗೆ ವೋಲ್ಟೇಜ್ ಕುಸಿದ ಗುರುತೂ ಇತ್ತು. 5 ವೋಲ್ಟಿನ ಸರಬರಾಜು 4.63ಕ್ಕಿಂತ ಕೆಳಗೆ ಬಿದ್ದರೆ ಆ ಗುರುತು ಏಳುತ್ತದೆ. ಬೂಸ್ಟ್ ಬೋರ್ಡ್ ಎರಡು ಸೆಲ್ ಮತ್ತು ಪೈ ನಡುವೆ ಸಿಕ್ಕಿಹಾಕಿಕೊಂಡಿತ್ತು. 6 ವ್ಯಾಟ್ ಕೊಡುವಾಗ ಇಂಥ ಬೋರ್ಡು ತಾನೇ ಮುಕ್ಕಾಲು ವ್ಯಾಟಿಗೂ ಜಾಸ್ತಿ ಬಿಸಿಯಾಗಿ ಕಳೆಯುತ್ತದೆ. ಆ ಬಿಸಿ ಎಲ್ಲೂ ಹೋಗಲಾಗದೆ ಅದರ ಐ.ಸಿ. ತನ್ನನ್ನು ತಾನು ಉಳಿಸಿಕೊಳ್ಳಲು ಕೈ ಬಿಡುತ್ತಿತ್ತು. ಹುಡುಗ ಎರಡು ತೊಂದರೆಯನ್ನು ಒಂದೇ ಎಂದು ತಿಳಿದು ಚಿಪ್ಪಿನ ಹಿಂದೆ ಬಿದ್ದಿದ್ದ.

ಆಮೇಲೆ ನಾನು ಅವನಿಗೆ ವಿಚಿತ್ರ ಅನಿಸುವ ಕೆಲಸ ಹೇಳಿದೆ. ಯಂತ್ರವನ್ನು ಪೂರ್ತಿ ಆರಿಸಿ, ಸೆಲ್ ತೆಗೆದು, ಖಾಲಿ ಡಬ್ಬಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಇಡು ಅಂದೆ. ಸ್ವಲ್ಪ ಹೊತ್ತಿನಲ್ಲೇ ಒಳಗೆ 60 ಡಿಗ್ರಿ ದಾಟಿತು. ಒಂದು ಮಿಲಿವ್ಯಾಟ್ ಕರೆಂಟು ಸಹ ಇಲ್ಲದೆ. ಪಿ.ಎಲ್.ಎ. ಪ್ಲಾಸ್ಟಿಕ್ ಮೆತ್ತಗಾಗುವುದು 55ರಿಂದ 60 ಡಿಗ್ರಿಗೆ. ಮೂಲೆ ಸೊಟ್ಟಗಾದದ್ದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಲೆಕ್ಕ ಸರಳ. ನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಸೊಂಟಕ್ಕೆ ನೇತಾಡುವ ಡಬ್ಬಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಅದರ ಮೇಲೆ ರಸ್ತೆಯ ಪ್ರತಿಫಲನವೂ ಸೇರುತ್ತದೆ. ಎಲ್ಲ ಹಿಡಿದರೂ ಆ ಕಪ್ಪು ಡಬ್ಬಿ 5ರಿಂದ 6 ವ್ಯಾಟ್ ಕುಡಿಯುತ್ತಿತ್ತು. ಅಂದರೆ ಕಂಪ್ಯೂಟರ್ ಹುಟ್ಟಿಸುವಷ್ಟೇ ಬಿಸಿಯನ್ನು ಸೂರ್ಯ ಪುಕ್ಕಟೆ ಕೊಡುತ್ತಿದ್ದ. ಡಬ್ಬಿ ಆ ಬಿಸಿ ಬಿಡುವುದು ಹೇಗೆ? ಹಿಂಬದಿ ಸೊಂಟಕ್ಕೆ ಒತ್ತಿದೆ. ಉಳಿದ ಮೈ ಸುಮಾರು 216 ಚದರ ಸೆಂ.ಮೀ. ಗಾಳಿ ಆಡದ ಕಡೆ ಒಂದು ಚದರ ಮೀಟರ್ ಮೈ, ಒಂದು ಡಿಗ್ರಿ ವ್ಯತ್ಯಾಸಕ್ಕೆ, 10 ವ್ಯಾಟ್ ಆಸುಪಾಸು ಬಿಡುತ್ತದೆ. ಬೂಸ್ಟ್ ಬೋರ್ಡಿನದೂ ಸೇರಿ 7 ವ್ಯಾಟ್ ಹೊರಗೆ ಹೋಗಬೇಕಾದರೆ ಡಬ್ಬಿಯ ಮೈ ಗಾಳಿಗಿಂತ 32 ಡಿಗ್ರಿ ಬಿಸಿಯಾಗಬೇಕು. ಗಾಳಿ 42 ಇದ್ದರೆ ಮೈ 74. ಇದು ನೆರಳಿನ ಲೆಕ್ಕ, ಬಿಸಿಲು ಇನ್ನೂ ಸೇರಿಲ್ಲ. ನಡೆಯುವಾಗ ಗಾಳಿ ಆಡಿ ಸ್ವಲ್ಪ ಇಳಿಯುತ್ತದೆ, ನಿಜ. ಆದರೂ ಎಂಥ ಹೀಟ್‌ಸಿಂಕ್ ತಂದರೂ ಈ ಗಾತ್ರದ ಡಬ್ಬಿಯಲ್ಲಿ 7 ವ್ಯಾಟ್ ಇಟ್ಟುಕೊಂಡು ನಮ್ಮೂರಿನ ಮಧ್ಯಾಹ್ನ ದಾಟಲು ಆಗುವುದಿಲ್ಲ. ಮೊದಲು ವ್ಯಾಟ್ ಇಳಿಸಬೇಕು.

ಚರ್ಮದ ಮಾತು

ಬಿಸಿ ಅಂದರೆ ಕೈ ಹಿಂದೆಗೆಯುವಂಥದ್ದು ಅಂತ ನಾವು ತಿಳಿದಿರುತ್ತೇವೆ. ಹೊತ್ತು ಹೆಚ್ಚಾದರೆ ಕಡಿಮೆ ಬಿಸಿಯೂ ಸುಡುತ್ತದೆ. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಚರ್ಮ 44 ಡಿಗ್ರಿಯಲ್ಲಿ ಸುಮಾರು 6 ತಾಸು ಇದ್ದರೆ ಸುಟ್ಟ ಗಾಯವಾಗುತ್ತದೆ ಎಂದು ಕಂಡಿತು. ತಾಪ ಒಂದೊಂದೇ ಡಿಗ್ರಿ ಏರಿದ ಹಾಗೆ ಆ ಹೊತ್ತು ಬೇಗ ಬೇಗ ಕುಗ್ಗುತ್ತದೆ. ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ 44 ಏನೂ ಅಲ್ಲ. ಮೈಗೆ ಕಟ್ಟಿಕೊಂಡದ್ದಕ್ಕೆ ಅದು ಅಪಾಯ.

ಮಾಸ್ತರರ ವಿಷಯದಲ್ಲಿ ಇದು ಇನ್ನೂ ಬಿಗಿ. ಹಳೆಯ ಶುಗರ್ ಇದ್ದವರಿಗೆ ನರಗಳು ಮಂದವಾಗಿ ಬಿಸಿ ಸರಿಯಾಗಿ ತಿಳಿಯದೆ ಹೋಗಬಹುದು. ಕಣ್ಣಿಗೂ ಕಾಣುವುದಿಲ್ಲ. 'ಬಿಸಿ ಆದರೆ ತೆಗೀರಿ ಕಾಕಾ' ಅಂತ ಹುಡುಗ ಹೇಳಿದ್ದು ಪ್ರೀತಿಯ ಮಾತು, ಆದರೆ ಸುರಕ್ಷತೆಯ ಕ್ರಮ ಅಲ್ಲ. ಚರ್ಮದ ಕಡೆ 41 ಮುಟ್ಟಿದರೆ ಎಚ್ಚರಿಕೆ, 43ಕ್ಕೆ ಯಂತ್ರ ತಾನೇ ಬಂದ್. ಮಿಕ್ಕ ವಿನ್ಯಾಸವೆಲ್ಲ ಈ ಎರಡು ಅಂಕಿಗಳಿಗೆ ಹೊಂದಿಕೊಳ್ಳಬೇಕು ಅಂತ ನಿರ್ಧರಿಸಿದೆವು.

ಏನು ಓದಬೇಕು?

ಹಳೆಯ ಯಂತ್ರ ಬಿಡುವಿಲ್ಲದೆ ಓದುತ್ತಿತ್ತು. ಕ್ಯಾಮೆರಾ ಸದಾ ಚಾಲೂ, ಟೆಸರಾಕ್ಟ್ ಸದಾ ಹುಡುಕಾಟ. ಮಾಸ್ತರರನ್ನೇ ಕೇಳಿದೆ: 'ಮಾಸ್ತರ್ರ, ನಿಮಗ ಇದರಿಂದ ಏನೇನು ಓದಬೇಕಾಗೇದ್ರಿ?' ಹುಡುಗ ಮಧ್ಯೆ ಬಾಯಿ ಹಾಕಿ, 'ಬಸ್ಸಿನ ಬೋರ್ಡು ಓದಬೇಕಲ್ಲ ಕಾಕಾ' ಅಂದ. ಅವರು ನಕ್ಕರು. 'ಬಸ್ಸಿನ ಬೋರ್ಡು ಹೇಳಲಿಕ್ಕ ಸ್ಟ್ಯಾಂಡಿನಾಗ ನೂರು ಮಂದಿ ಇರ್ತಾರ ತಮ್ಮ. ನನ್ನ ಬ್ಯಾಂಕಿನ ಪಾಸ್‌ಬುಕ್ಕು, ನನ್ನ ಗುಳಿಗಿ ಚೀಟಿ ಮಂದಿ ಕೈಯಾಗ ಕೊಟ್ಟು ಓದಿಸಲಿಕ್ಕ ಮನಸ ಬರಂಗಿಲ್ಲ. ಅದನ್ನ ಓದಿದ್ರ ಸಾಕು.'

ಈ ಒಂದು ಮಾತಿನಿಂದ ಅರ್ಧ ಬಿಸಿ ಇಳಿಯಿತು. ಪಾಸ್‌ಬುಕ್ಕು ಓಡಿಹೋಗುವುದಿಲ್ಲ, ಹತ್ತು ಸೆಕೆಂಡ್ ಕಾಯಬಹುದು. ಹಾಗಾಗಿ ಒಂದು ಗುಂಡಿ ಇಟ್ಟೆವು. ಒತ್ತಿದರೆ ಒಂದೇ ಫೋಟೋ, ಒಂದೇ ಓದು, ಮತ್ತೆ ನಿದ್ದೆ. ಪೈ 4 ತೆಗೆದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಹಾಕಿದ. 2021ರಲ್ಲಿ ಬಂದ ಈ ಬೋರ್ಡಿನಲ್ಲಿ ನಾಲ್ಕು ಕೋರ್, 1 ಗಿಗಾಹರ್ಟ್ಸ್, 512 ಎಂ.ಬಿ. ಮೆಮೊರಿ. ಪೂರ್ತಿ ದುಡಿದರೂ 3 ವ್ಯಾಟ್ ಒಳಗೆ, ಸುಮ್ಮನಿದ್ದಾಗ 1 ವ್ಯಾಟಿಗೂ ಕಡಿಮೆ. ವೈಫೈ ಮತ್ತು ಪರದೆಯ ಸಿಗ್ನಲ್ ಎರಡನ್ನೂ ಆರಿಸಿದ. ಇವುಗಳಿಂದ ಮಾಸ್ತರರಿಗೆ ಏನೂ ಉಪಯೋಗ ಇರಲಿಲ್ಲ. ಎರಡು ಸೆಲ್ಲಿನ ಬದಲು ಒಂದೇ ಸೆಲ್ ಸಾಕಾಯಿತು, ಭಾರವೂ ಇಳಿಯಿತು. ಓದು ನಿಧಾನ, ಅದನ್ನು ಮುಚ್ಚಿಡಬೇಕಾಗಿಲ್ಲ. ತುಂಬಿದ ಪುಟಕ್ಕೆ ಬಹಳ ಹೊತ್ತು ಬೇಕು. ಹುಡುಗನಿಗೆ ಇದು ಹಿಂದಕ್ಕೆ ಹೋದ ಹಾಗೆ ಅನಿಸಿ ಕೆಲವು ದಿನ ಮುಖ ಗಂಟು ಹಾಕಿಕೊಂಡಿದ್ದ.

ಬಿಸಿಯನ್ನು ಎಲ್ಲಿಗೆ ಕಳಿಸುವುದು?

ಇಲ್ಲಿ ನಮ್ಮ ಊರು ಪುಸ್ತಕದ ಲೆಕ್ಕವನ್ನು ತಿರುಗಿಸಿಬಿಡುತ್ತದೆ. ಬೇರೆ ಕಡೆ ಗಾಳಿ ತಂಪು, ಮೈ ಬಿಸಿ. ಹಾಗಾಗಿ ಯಂತ್ರದ ಬಿಸಿಯನ್ನು ಗಾಳಿಗೆ ಬಿಡಿ, ಮೈ ಕಡೆ ಫೋಮ್ ಹಾಕಿ ತಡೆಯಿರಿ ಅನ್ನುತ್ತಾರೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಗಾಳಿ 42, ಚರ್ಮ 35ರ ಸುತ್ತ. ಇದ್ದುದರಲ್ಲಿ ತಂಪಾದ ವಸ್ತು ಮಾಸ್ತರರ ಮೈಯೇ! ಅದರೊಳಗೆ ರಕ್ತ ಹರಿಯುತ್ತದೆ, ಮೇಲೆ ಬೆವರು ಆರುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ತಾನೇ 100 ವ್ಯಾಟ್ ಆಸುಪಾಸು ಹೊರಗೆ ಹಾಕುತ್ತಿರುತ್ತದೆ. ಅದಕ್ಕೆ ಒಂದು ವ್ಯಾಟ್ ಸೇರಿಸಿದರೆ ಮೈಗೆ ಲೆಕ್ಕಕ್ಕಿಲ್ಲ, ಆದರೆ ಅದು ಒಂದೇ ಕಡೆ ಚುಚ್ಚಬಾರದು, ಹರಡಬೇಕು. ಧರಿಸುವ ಕಂಪ್ಯೂಟರುಗಳ ಮೇಲೆ ಕೆಲಸ ಮಾಡಿದ ಥ್ಯಾಡ್ ಸ್ಟಾರ್ನರ್ ಮತ್ತು ಅವರ ಜೊತೆಗಾರರೊಬ್ಬರು 1999ರಲ್ಲೇ ತೊಟ್ಟವರ ಮೈಯನ್ನೇ ತಂಪಿಗೆ ಬಳಸುವ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದ್ದರು. ಹುಡುಗನಿಗೆ ಅದು ಗೊತ್ತಿತ್ತು, ಆದರೆ ನಂಬಿಕೆ ಬಂದಿರಲಿಲ್ಲ.

ಚಿಪ್ಪಿನ ಮೇಲೆ ಬಿಸಿ ದಾಟಿಸುವ ಥರ್ಮಲ್ ಪ್ಯಾಡ್, ಅದರ ಮೇಲೆ ಸಣ್ಣ ತಾಮ್ರದ ತುಂಡು, ಅದರ ಮೇಲೆ 10 ಸೆಂ.ಮೀ. ಉದ್ದ 7 ಸೆಂ.ಮೀ. ಅಗಲದ 2 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್. ಪ್ಲೇಟಿನ ಒಳಮೈಗೆ ಕರೆಂಟ್ ದಾಟಿಸದ ಕ್ಯಾಪ್ಟಾನ್ ಟೇಪ್, ಬೋರ್ಡಿಗೆ ತಾಗಿ ಶಾರ್ಟ್ ಆಗಬಾರದಲ್ಲ. ಅಲ್ಯೂಮಿನಿಯಂ ಬಿಸಿ ಸಾಗಿಸುವುದು ಪ್ಲಾಸ್ಟಿಕ್‌ಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ. ಪ್ಲೇಟಿಗೆ ಇನ್ನೊಂದು ಗುಣವೂ ಇದೆ. ಅದರ ತೂಕ 38 ಗ್ರಾಂ. ಒಂದು ಡಿಗ್ರಿ ಏರಲು 34 ಜೌಲ್ ಬೇಕು. ಹತ್ತು ಸೆಕೆಂಡಿನ ಒಂದು ಓದು 25 ಜೌಲ್ ಬಿಸಿ ಹುಟ್ಟಿಸುತ್ತದೆ. ಪ್ಲೇಟ್ ಅದನ್ನು ನುಂಗಿ ಒಂದು ಡಿಗ್ರಿಯೂ ಏರದೆ ಕೂರುತ್ತದೆ, ಆಮೇಲೆ ನಿಧಾನಕ್ಕೆ ಮೈಗೆ ಬಿಡುತ್ತದೆ.

ಬಿಸಿಲನ್ನು ತಡೆದದ್ದು ಒಬ್ಬ ದರ್ಜಿ. ಮಾಸ್ತರರು ಯಾವಾಗಲೂ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಹತ್ತಿಯ ಬನೀನಿನ ಎದೆ ಪಕ್ಕಕ್ಕೆ ಒಂದು ಜೇಬು ಹೊಲಿಸಿ, ಪ್ಲೇಟ್ ಮೈ ಕಡೆ ಇರುವಂತೆ ಯಂತ್ರವನ್ನು ಅದರಲ್ಲಿಟ್ಟೆವು. ಮೇಲೆ ಸಡಿಲ ಬಿಳಿ ಅಂಗಿ. ಬಿಳಿ ಬಟ್ಟೆ ಬಿಸಿಲಿನ ಬಹುಪಾಲನ್ನು ತಿರುಗಿಸುತ್ತದೆ, ಅಂಗಿಗೂ ಯಂತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಹೊರ ಮುಚ್ಚಳವನ್ನು ಬಿಳಿ ಪಿ.ಇ.ಟಿ.ಜಿ. ಪ್ಲಾಸ್ಟಿಕ್‌ನಲ್ಲಿ ಮಾಡಿಸಿದೆವು, ಅದು 80 ಡಿಗ್ರಿಯ ಹತ್ತಿರದವರೆಗೆ ಗಟ್ಟಿ ನಿಲ್ಲುತ್ತದೆ.

ಒದ್ದೆ ಬಟ್ಟೆಯ ವಿಚಾರವೂ ಬಂದಿತ್ತು. ನಮ್ಮ ಬೇಸಿಗೆ ಒಣ ಬೇಸಿಗೆ. 42 ಡಿಗ್ರಿ, 20 ಶೇಕಡಾ ತೇವಾಂಶ ಇರುವಾಗ ಒದ್ದೆ ಬಟ್ಟೆ 24 ಡಿಗ್ರಿಯ ಹತ್ತಿರಕ್ಕೆ ಇಳಿಯಬಲ್ಲದು. ಮನೆಮನೆಯ ಕೂಲರ್ ನಡೆಯುವುದು ಇದರ ಮೇಲೇ. ಒಂದು ಗ್ರಾಂ ನೀರು ಆರಿದರೆ ಸುಮಾರು 2,400 ಜೌಲ್ ಬಿಸಿ ಹೋಗುತ್ತದೆ. ಒಂದು ವ್ಯಾಟನ್ನು ಒಂದು ತಾಸು ಹೊರಹಾಕಲು ಒಂದೂವರೆ ಗ್ರಾಂ ನೀರು ಸಾಕು. ಲೆಕ್ಕ ನೋಡಿದರೆ ಆಸೆ ಹುಟ್ಟುತ್ತದೆ. ಆದರೆ ಕಣ್ಣು ಕಾಣದವರು ಲಿಥಿಯಂ ಸೆಲ್ಲಿನ ಪಕ್ಕದ ಬಟ್ಟೆಗೆ ನೀರು ಚಿಮುಕಿಸುತ್ತ ಇರಬೇಕು ಅನ್ನುವ ವಿನ್ಯಾಸ ನನಗೆ ಒಪ್ಪಿಗೆಯಾಗಲಿಲ್ಲ. ಬೆವರು ಆ ಕೆಲಸವನ್ನು ತಾನೇ ಮಾಡುತ್ತದೆ.

ಸೆಲ್ಲಿಗೆ ಬೇರೆ ಮನೆ

ಸೆಲ್ಲನ್ನು ಇನ್ನೊಂದು ಪಕ್ಕದ ಜೇಬಿಗೆ ಹಾಕಿದೆವು. ಬೂಸ್ಟ್ ಬೋರ್ಡ್ ಪೈ ಹತ್ತಿರ, ಅದೇ ಪ್ಲೇಟಿಗೆ ಅಂಟಿ. ಬಟ್ಟೆಯೊಳಗೆ ಸೆಲ್ಲಿನ ತಂತಿ ಓಡಿಸುವುದಾದರೆ ಎರಡು ಮಾತು ಬಿಡಬಾರದು: ಸೆಲ್ಲಿನ ಬುಡದಲ್ಲೇ ಫ್ಯೂಸ್, ಮತ್ತು ಒಳಗೇ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್. ತಂತಿ ಉಜ್ಜಿ ಸಿಪ್ಪೆ ಹೋಗುವುದು ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ.

ಚಾರ್ಜಿಂಗ್ ಕಡೆಗೆ ಜನ ನೋಡುವುದೇ ಕಡಿಮೆ. ಲಿಥಿಯಂ ಸೆಲ್ 60 ಡಿಗ್ರಿಯವರೆಗೆ ಕರೆಂಟ್ ಕೊಡುತ್ತದೆ, ಆದರೆ ತುಂಬಿಸಿಕೊಳ್ಳುವುದು 45ರವರೆಗೆ ಮಾತ್ರ. ಮೇ ತಿಂಗಳ ಮಧ್ಯಾಹ್ನ ಆರ್.ಸಿ.ಸಿ. ಮನೆಯೊಳಗೇ 40. ಹೊರಗಿಂದ ಬಂದ ಬಿಸಿ ಸೆಲ್ಲನ್ನು ತಕ್ಷಣ ಚಾರ್ಜಿಗೆ ಹಾಕಿದರೆ ಆ ಗಡಿ ದಾಟಿಹೋಗುತ್ತದೆ. ಅವರ ಚಾರ್ಜಿಂಗ್ ಬೋರ್ಡು ಟಿಪಿ 4056, ಒಂದು ಆಂಪಿಯರಿನದು. ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಸುಡುವ ಜಾತಿ. ಅದರ 1.2 ಕಿಲೋ ಓಂ ರೆಸಿಸ್ಟರ್ ತೆಗೆದು 2.4 ಹಾಕಿದೆ, ಕರೆಂಟ್ ಅರ್ಧಕ್ಕೆ ಇಳಿಯಿತು. ಈಗ ರಾತ್ರಿ ಊಟ ಆದ ಮೇಲೆ, ಮನೆಯವರು ಎಚ್ಚರ ಇರುವಾಗ, ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು ಚಾರ್ಜ್ ಮಾಡುತ್ತಾರೆ. ಬೈಕಿನ ಡಿಕ್ಕಿಯಲ್ಲಿ ಸೆಲ್ ಇಡುವುದಕ್ಕೆ ಮಾಸ್ತರರ ಹೆಂಡತಿಯೇ ಬಂದಿ ಹಾಕಿದ್ದಾರೆ.

ಪ್ಲೇಟಿನ ಚರ್ಮದ ಕಡೆ ತಾಪ ಅಳೆಯುವ ಡಿಎಸ್ 18ಬಿ20 ಸೆನ್ಸರ್ ಇದೆ. ಅದರ ಅಳತೆ ಅರ್ಧ ಡಿಗ್ರಿ ಆಚೀಚೆ ಆಗಬಹುದು, ಹಾಗಾಗಿಯೇ 44ಕ್ಕೆ ಕಾಯದೆ 43ಕ್ಕೆ ಬಂದ್ ಮಾಡುತ್ತೇವೆ. 41ಕ್ಕೆ ಕಿವಿಯಲ್ಲಿ 'ಬಿಸಿ ಆಗೇದ, ತೆಗೀರಿ' ಅನ್ನುತ್ತದೆ. ಆ ವಾಕ್ಯ ಬರೆಸಿದವರು ಮಾಸ್ತರರೇ.

ಬೇಸಿಗೆಯಲ್ಲಿ ನಡೆದದ್ದು

ಏಪ್ರಿಲ್, ಮೇ ಎರಡೂ ಹೀಗೇ ಕಳೆದವು. ನೆರಳಿನಲ್ಲಿ ಚಿಪ್ಪು ಸುಮ್ಮನಿದ್ದಾಗ 50ರ ಹತ್ತಿರ, ಓದುವಾಗ 60ರ ಮೇಲೆ ಸ್ವಲ್ಪ. ವೇಗ ಇಳಿದ ಗುರುತು ಮತ್ತೆ ಕಾಣಲಿಲ್ಲ, ಯಂತ್ರ ತಾನಾಗಿ ಆರಿಲ್ಲ. ಪ್ಲೇಟಿನ ಚರ್ಮದ ಕಡೆ ಸಾಮಾನ್ಯವಾಗಿ 38, 39. ಎಚ್ಚರಿಕೆ ಬಂದದ್ದು ಬಸ್ಸಿನ ಕಿಟಕಿ ಪಕ್ಕ ಕೂತಾಗ. ಬಿಸಿಲು ನೇರ ಎದೆಗೆ, ಬೆವರಿಗೆ ಅಂಗಿ ಮೈಗೆ ಅಂಟಿ ನಡುವಿನ ಗಾಳಿ ಇಲ್ಲವಾಗಿತ್ತು. ಅವರು ಜಾಗ ಬದಲಾಯಿಸಿದರು, ತಾಪ ಇಳಿಯಿತು. ಮಗಳ ಊರು ಬೀದರ್. ಅದು ನಮಗಿಂತ ಎತ್ತರದಲ್ಲಿದೆ, ಗಾಳಿಯೂ ತಂಪು. ಅಲ್ಲಿ ಈ ತಾಪತ್ರಯವೇ ಇಲ್ಲ ಅಂತ ಫೋನಿನಲ್ಲಿ ಹೇಳಿದರು.

ಮೈಗೆ ಬಿಸಿ ಬಿಡುವ ವಿನ್ಯಾಸದಿಂದ ಹೊಸದಾಗಿ ಹುಟ್ಟಿದ ತೊಂದರೆ ಬೆವರು. ಬೆವರಿನ ಉಪ್ಪು ಕ್ಯಾಮೆರಾ ಕೇಬಲ್ ಸೇರುವ ಜಾಗದಲ್ಲಿ ಹಸಿರು ಕಟ್ಟಿತ್ತು. ಬೋರ್ಡಿಗೆಲ್ಲ ರಕ್ಷಣೆಯ ವಾರ್ನಿಶ್ ಬಳಿಯಬಹುದು, ಆದರೆ ಕನೆಕ್ಟರಿನ ಬಾಯಿಗೆ ಬಳಿದರೆ ಕರೆಂಟ್ ಸಾಗದು. ಸದ್ಯಕ್ಕೆ ಸ್ಪಿರಿಟ್ ಹಾಕಿ ಒರೆಸಿ, ಮೇಲೆ ಸಿಲಿಕೋನ್ ರಬ್ಬರಿನ ಮುಚ್ಚಳ ಕೂರಿಸಿದ್ದೇವೆ. ಜೂನ್ ಮಳೆ ಬಂದು ತೇವ ಏರಿದರೆ ಬೆವರು ಆರುವುದೂ ನಿಧಾನ, ಆಗ ಗಾಳಿಯೂ ಇಷ್ಟು ಬಿಸಿ ಇರುವುದಿಲ್ಲ. ಹುಡುಗ ಕೇಬಲ್ ಸೇರುವ ಜಾಗವನ್ನೇ ಜೇಬಿನ ಬಾಯಿಯ ಮೇಲಕ್ಕೆ, ಅಂಗಿಯ ಕೊರಳಿನ ಹತ್ತಿರಕ್ಕೆ ಸರಿಸುವ ಹೊಸ ಮುಚ್ಚಳದ ನಕ್ಷೆ ಹಾಕುತ್ತಿದ್ದಾನೆ.